ಓಡದ ಜೀಪುಗಳನ್ನು ಇನ್ನು ಮುಂದೆ ಹಿತ್ತಲಲ್ಲಿ ಇಟ್ಟುಕೊಳ್ಳುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ನಮ್ಮ ಗ್ಯಾರೇಜಿನ ಹಿತ್ತಲಿಗೆ ಬಂದವರಿಗೆಲ್ಲ ಅಲ್ಲಿ ಸಾಲಾಗಿ ನಿಂತಿರುವ ಜೀಪುಗಳು ಗೊತ್ತು. ಈಗ ಏಳು ಇವೆ. ಎಲ್ಲವೂ ಒಂದು ಕಾಲದಲ್ಲಿ ಕೊಡಚಾದ್ರಿ ಹತ್ತಿದ ಗಾಡಿಗಳೇ. ಕಟ್ಟಿನಹೊಳೆಯಿಂದ ಮೇಲೆ ಆ ಕಲ್ಲುದಾರಿಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ವರ್ಷಗಟ್ಟಲೆ ಓಡಿದವು. ಪ್ರವಾಸಿಗರಿಲ್ಲದ ದಿನಗಳಲ್ಲಿ ಅಡಿಕೆ ಮೂಟೆ ಹೊತ್ತವು, ರಾತ್ರಿ ಹೊತ್ತು ಬಾಣಂತಿಯರನ್ನು ಆಸ್ಪತ್ರೆಗೆ ಮುಟ್ಟಿಸಿದವು. ಈಗ ಅವುಗಳ ನೆಲದ ತಗಡಿನಲ್ಲಿ ಜರಿಗಿಡ ಬೆಳೆದಿದೆ.

ವಿಷಯಕ್ಕೆ ಬರುತ್ತೇವೆ. ಬರುವ ಯುಗಾದಿಯಿಂದ ಓಡದ ಗಾಡಿಗಳನ್ನು ಹಿತ್ತಲಲ್ಲಿ ಇಟ್ಟುಕೊಳ್ಳುವುದನ್ನು ನಿಲ್ಲಿಸುತ್ತಿದ್ದೇವೆ. ಇಲ್ಲೇ ಬಿಚ್ಚಿ, ಉಳಿದದ್ದನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕುವುದೂ ಇರುವುದಿಲ್ಲ. ನಿಮ್ಮ ಗಾಡಿಯ ಕೆಲಸ ಮುಗಿದಿದ್ದರೆ, ಸರ್ಕಾರದಲ್ಲಿ ನೋಂದಣಿಯಾದ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕಾಗದಪತ್ರ ಸಮೇತ ಕಳಿಸಿಕೊಡುತ್ತೇವೆ. ಇಷ್ಟು ವರ್ಷ ಮಾಡಿಕೊಂಡು ಬಂದದ್ದನ್ನು ಈಗ ಯಾಕೆ ಬಿಡುತ್ತಿದ್ದೀರಿ ಎಂದು ಹಲವರು ಕೇಳಿದ್ದಾರೆ. ಎರಡು ಘಟನೆ ಹೇಳಬೇಕು.

ಮೊದಲನೆಯದು ನಮ್ಮ ತಪ್ಪು. ಒಂದು ಮಳೆಗಾಲದಲ್ಲಿ ಹಿತ್ತಲಿನ ಹಳೇ ಮೇಜರ್ ಜೀಪಿನ ಎಣ್ಣೆ ಚೇಂಬರ್ ತುಕ್ಕು ಹಿಡಿದು ತೂತಾಯಿತು. ನಮಗೆ ಗೊತ್ತೇ ಆಗಲಿಲ್ಲ. ನಮ್ಮ ಕಡೆಯ ಮಳೆ ನಿಮಗೆ ಹೇಳಬೇಕಾಗಿಲ್ಲ, ಎಣ್ಣೆ ಹರಿದುಕೊಂಡು ಪಕ್ಕದ ತೋಟದ ಬಸಿಗಾಲುವೆ ಸೇರಿತು. ಕೆಳಗಿನ ಮನೆಯ ಅಮ್ಮ ಬಾವಿಯಿಂದ ನೀರು ಸೇದಿ ಕೊಡಪಾನದಲ್ಲಿ ತಂದು ತೋರಿಸಿದರು. ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ. ಅವರು ಒಂದು ಮಾತೂ ಬೈಯಲಿಲ್ಲ. ಅದೇ ಜಾಸ್ತಿ ನೋವಾಯಿತು. ಬಾವಿಯನ್ನು ಎರಡು ಸಲ ಖಾಲಿ ಮಾಡಿಸಿದೆವು, ಆ ಬೇಸಿಗೆಯವರೆಗೂ ಅವರ ಮನೆಗೆ ಕುಡಿಯುವ ನೀರು ನಾವೇ ಹೊತ್ತೆವು. ಸೌಪರ್ಣಿಕಾ ಹುಟ್ಟುವುದೇ ಈ ಕೊಡಚಾದ್ರಿಯಲ್ಲಿ. ಬೆಟ್ಟದಿಂದಲೇ ಅನ್ನ ತಿನ್ನುವ ನಾವು ಅದರ ಬುಡದಲ್ಲಿ ಕರಿ ಎಣ್ಣೆ ಬಿಡಬಾರದಿತ್ತು.

ಎರಡನೆಯದು ನಮ್ಮ ಗ್ರಾಹಕರೊಬ್ಬರಿಗೆ ಆದದ್ದು. ಜೀಪನ್ನು ಗುಜರಿಗೆ ಕೊಟ್ಟು ಮರೆತಿದ್ದರು. ಆರ್‌ಸಿ ರದ್ದು ಮಾಡಿಸಿರಲಿಲ್ಲ, ನಾವೂ ನೆನಪಿಸಿರಲಿಲ್ಲ. ಎರಡು ವರ್ಷದ ಮೇಲೆ ಬೇರೆ ಜಿಲ್ಲೆಯ ಪೊಲೀಸರು ಮನೆಗೆ ಬಂದರು. ಅದೇ ನಂಬರಿನ ಗಾಡಿಯೊಂದು ಅಪಘಾತ ಮಾಡಿ ನಿಲ್ಲಿಸದೆ ಹೋಗಿತ್ತು. ಅವರ ಜೀಪಿನ ಪ್ಲೇಟು, ಚಾಸಿಯ ತುಂಡು ಇನ್ಯಾವುದೋ ಗಾಡಿಗೆ ಸೇರಿದ್ದವು. ಅದು ತಮ್ಮ ಗಾಡಿಯಲ್ಲ ಎಂದು ತೋರಿಸಲು ಅವರು ಸ್ಟೇಷನ್ನಿಗೆ ತಿಂಗಳುಗಟ್ಟಲೆ ಓಡಾಡಿದರು. ಗಾಡಿ ಪೂರ್ತಿ ಹಾಳಾಗಿ ಇನ್ನೆಂದೂ ಓಡದ ಸ್ಥಿತಿಗೆ ಬಂದರೆ ಮಾಲೀಕರು 14 ದಿನದೊಳಗೆ, ಅಥವಾ ಸಾಧ್ಯವಾದಷ್ಟು ಬೇಗ, ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುವುದು ಇದನ್ನೇ. ಹೊಸ ಕಾನೂನೇನಲ್ಲ, 1988ರ ಕಾಯ್ದೆ. ನಮ್ಮಲ್ಲಿ ಯಾರೂ ಪಾಲಿಸುತ್ತಿರಲಿಲ್ಲ, ಅಷ್ಟೇ.

2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸ್ಕ್ರ್ಯಾಪಿಂಗ್ ಕೇಂದ್ರಗಳಿಗೆ ನಿಯಮ ತಂದಿತು. ಅಲ್ಲಿ ಗಾಡಿ ಹೋದ ತಕ್ಷಣ ಅದು ಕದ್ದ ಗಾಡಿಯೇ ಎಂದು ಪೊಲೀಸ್ ದಾಖಲೆ ನೋಡುತ್ತಾರೆ. ಗಾಡಿ ಒಪ್ಪಿಕೊಂಡ ಮೇಲೆ ನಿಮಗೆ ‘ಸರ್ಟಿಫಿಕೇಟ್ ಆಫ್ ಡಿಪಾಸಿಟ್’ ಕೊಡುತ್ತಾರೆ. ಆಮೇಲೆ ಎಂಜಿನ್ ಎಣ್ಣೆ, ಗೇರ್ ಎಣ್ಣೆ, ಬ್ರೇಕ್ ಎಣ್ಣೆ, ಡೀಸೆಲ್ ಎಲ್ಲ ಬಸಿದು, ಬ್ಯಾಟರಿ ಬೇರೆ ಮಾಡಿ, ಕೊನೆಗೆ ಕಬ್ಬಿಣ ಕತ್ತರಿಸುತ್ತಾರೆ. ಪೂರ್ತಿ ಮುಗಿದ ಮೇಲೆ ಇನ್ನೊಂದು ಸರ್ಟಿಫಿಕೇಟ್ ಬರುತ್ತದೆ. ಅಲ್ಲಿಗೆ ಆ ನಂಬರು ಸರ್ಕಾರದ ದಾಖಲೆಯಲ್ಲೂ ಮುಗಿಯಿತು.

ದುಡ್ಡಿನ ಮಾತು ನೇರವಾಗಿ ಹೇಳಿಬಿಡುತ್ತೇವೆ. ಗುಜರಿಯವರು ಬಾಗಿಲಿಗೇ ಬಂದು ಕೈಗೆ ನೋಟು ಕೊಡುತ್ತಾರೆ. ಸ್ಕ್ರ್ಯಾಪಿಂಗ್ ಕೇಂದ್ರ ದೂರ, ಲಾರಿ ಬಾಡಿಗೆ ಕಳೆದರೆ ನಿಮ್ಮ ಕೈಗೆ ಬರುವುದು ಸ್ವಲ್ಪ ಕಮ್ಮಿಯಾಗಬಹುದು. ಅದಕ್ಕೇ ಮೂರು ಗಾಡಿ ಸೇರುವವರೆಗೆ ಕಾದು ಒಂದೇ ಲಾರಿಯಲ್ಲಿ ಕಳಿಸುತ್ತೇವೆ, ಬಾಡಿಗೆ ಮೂವರಲ್ಲಿ ಹಂಚಿಹೋಗುತ್ತದೆ. ನಮ್ಮ ಓಡಾಟಕ್ಕೆ ಏನೂ ತೆಗೆದುಕೊಳ್ಳುವುದಿಲ್ಲ. ಹಣ ಆರ್‌ಸಿಯಲ್ಲಿರುವವರ ಬ್ಯಾಂಕ್ ಖಾತೆಗೇ ಹೋಗುತ್ತದೆ, ನಮ್ಮ ಕೈ ದಾಟಿ ಬರುವುದಿಲ್ಲ. ಇನ್ನೊಂದು ಅನುಕೂಲವಿದೆ. ಡಿಪಾಸಿಟ್ ಸರ್ಟಿಫಿಕೇಟ್ ಇಟ್ಟುಕೊಂಡು ಹೊಸ ಗಾಡಿ ತೆಗೆದುಕೊಂಡರೆ ರಿಜಿಸ್ಟ್ರೇಷನ್ ಶುಲ್ಕ ಇರುವುದಿಲ್ಲ. ತೆರಿಗೆಯಲ್ಲೂ ಸ್ವಂತ ಗಾಡಿಗೆ ಶೇ. 25ರವರೆಗೆ, ಬಾಡಿಗೆ ಗಾಡಿಗೆ ಶೇ. 15ರವರೆಗೆ ರಿಯಾಯಿತಿ ಕೊಡಲು ಕೇಂದ್ರ ಸರ್ಕಾರದ ನಿಯಮದಲ್ಲಿ ಜಾಗವಿದೆ. ಗಾಡಿ ಬುಕ್ ಮಾಡುವ ಮುಂಚೆ ಆರ್‌ಟಿಒದಲ್ಲಿ ಒಂದು ಮಾತು ಕೇಳಿಕೊಳ್ಳಿ.

ನಿಮ್ಮಿಂದ ಬೇಕಾದದ್ದು ಮೂಲ ಆರ್‌ಸಿ, ಗುರುತಿನ ಚೀಟಿ, ಬ್ಯಾಂಕ್ ವಿವರ. ಗಾಡಿಯ ಮೇಲೆ ಸಾಲ, ದಂಡ, ಕೇಸು ಬಾಕಿ ಇರಬಾರದು. ನಮ್ಮಲ್ಲಿ ತೊಡಕಾಗುವುದು ಜಾಸ್ತಿ ಒಂದೇ ವಿಷಯಕ್ಕೆ: ಆರ್‌ಸಿ ಇನ್ನೂ ತೀರಿಹೋದ ಅಪ್ಪಯ್ಯನ ಹೆಸರಿನಲ್ಲೇ ಇರುತ್ತದೆ. ಹಾಗಿದ್ದರೆ ವಾರಸುದಾರರ ಕಾಗದ ಬೇಕು. ಮೊದಲೇ ಬಂದು ಹೇಳಿ, ಯಾವ ಕಾಗದ ಎಲ್ಲಿ ಸಿಗುತ್ತದೆ ಎಂದು ಬರೆದುಕೊಡುತ್ತೇವೆ. ಎಂಜಿನ್ನು, ಗೇರ್‌ಬಾಕ್ಸು ಬಿಚ್ಚಿ ಮಾರಿಬಿಡಬೇಡಿ. ಎಂಜಿನ್ ನಂಬರು, ಚಾಸಿ ನಂಬರು ಆರ್‌ಸಿಗೆ ತಾಳೆಯಾಗಬೇಕು, ಬಿಚ್ಚಿದರೆ ಬೆಲೆಯೂ ಬೀಳುತ್ತದೆ.

ಲಾರಿ ಬರುವವರೆಗೆ ಗಾಡಿ ನಿಮ್ಮ ಮನೆಯಲ್ಲೇ ಇರಲಿ. ನಮ್ಮ ಹುಡುಗರು ಬಂದು ಎಣ್ಣೆಯೆಲ್ಲ ಡಬ್ಬಕ್ಕೆ ಬಸಿದು, ಬ್ಯಾಟರಿ ಬಿಚ್ಚಿ ತರುತ್ತಾರೆ. ಬ್ಯಾಟರಿಯನ್ನು ನೀವು ಮುಟ್ಟಬೇಡಿ. ಮೀನಿನ ಬಲೆಗೆ ಕಟ್ಟುವ ಗುಂಡು ಮಾಡಲು ಕೆಲವರು ಅದನ್ನು ಒಡೆದು ಸೀಸ ಕರಗಿಸುತ್ತಾರೆ. ಆ ಹೊಗೆ, ಆ ಪುಡಿ ಮಕ್ಕಳ ಮೆದುಳಿಗೆ ವಿಷ. ವೈರಿಂಗ್ ಸುಟ್ಟು ತಾಮ್ರ ತೆಗೆಯುವುದೂ ಬೇಡ. ಟೈರುಗಳನ್ನು ಬಯಲಲ್ಲಿ ಬಿಟ್ಟರೆ ಒಳಗೆ ನೀರು ನಿಂತು ಡೆಂಗಿ ಸೊಳ್ಳೆ ಮರಿ ಮಾಡುತ್ತದೆ, ಸೂರಿನಡಿಗೆ ಎಳೆದಿಡಿ.

ಇನ್ನೊಂದು ಬದಲಾವಣೆ ಕೆಲವರಿಗೆ ಬೇಜಾರು ತರಬಹುದು. ಗೆದ್ದಲು ಹಿಡಿಯದಿರಲಿ ಎಂದು ಬೇಲಿ ಕಂಬಕ್ಕೆ, ದಣಪೆಗೆ ಹಚ್ಚಲು ನಮ್ಮಲ್ಲಿಂದ ಹಳೇ ಎಣ್ಣೆ ಒಯ್ಯುತ್ತಿದ್ದಿರಿ. ಇನ್ನು ಕೊಡುವುದಿಲ್ಲ. ಸುಮ್ನೆ ಹೋಗುವ ಎಣ್ಣೆ ಅಲ್ವಾ ಎಂದು ನಾವೂ ಕೊಡುತ್ತಿದ್ದೆವು. ಆದರೆ ಅದರಲ್ಲಿ ಎಂಜಿನ್ ಸವೆದ ಲೋಹದ ಪುಡಿ, ಸುಟ್ಟ ಮಸಿ ಎಲ್ಲ ಇರುತ್ತದೆ. ಮೊದಲ ಮಳೆಗೇ ತೊಳೆದುಕೊಂಡು ಮಣ್ಣಿಗೆ ಇಳಿಯುತ್ತದೆ. ಕಾನೂನಿನ ಲೆಕ್ಕದಲ್ಲೂ ಅದು ಅಪಾಯದ ತ್ಯಾಜ್ಯ. ಎಲ್ಲವನ್ನೂ ಪೀಪಾಯಿಯಲ್ಲಿ ತುಂಬಿಸಿ, ಪರವಾನಗಿ ಇರುವ ಶುದ್ಧೀಕರಣದವರಿಗೆ ಕೊಡುತ್ತೇವೆ. ಅವರು ಅದನ್ನೇ ಮತ್ತೆ ಎಣ್ಣೆ ಮಾಡುತ್ತಾರೆ.

ಹಾಗಂತ ಹಳೇ ಜೀಪುಗಳನ್ನೆಲ್ಲ ಕತ್ತರಿಸಿ ಎನ್ನುತ್ತಿಲ್ಲ. ಓಡಿಸುವ ಮನಸ್ಸಿದ್ದರೆ ತನ್ನಿ, ರಿಪೇರಿ ಮಾಡುವುದೇ ನಮಗೆ ಖುಷಿ. 15 ವರ್ಷ ದಾಟಿದ ಸ್ವಂತ ಜೀಪಿಗೆ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಗಿದೆ. 20 ವರ್ಷ ದಾಟಿದ್ದರೆ ಇನ್ನೂ ಜಾಸ್ತಿ. 50 ವರ್ಷ ದಾಟಿದ, ಮೂಲ ರೂಪ ಬದಲಿಸದ ಜೀಪು ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಅವಸರ ಮಾಡಬೇಡಿ. ಅದನ್ನು ವಿಂಟೇಜ್ ಗಾಡಿ ಎಂದು ನೋಂದಾಯಿಸಲು 2021ರಿಂದ ಅವಕಾಶವಿದೆ. ಶುಲ್ಕ 20,000 ರೂಪಾಯಿ. ಬಾಡಿಗೆಗೆ, ದಿನದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ‍್ಯಾಲಿಗೆ ಒಯ್ಯಬಹುದು. ಅಂಥ ಜೀಪು ಕಂಡರೆ ಮೊದಲು ನಮಗೆ ತೋರಿಸಿ.

ಇನ್ನು ನಮ್ಮ ಹಿತ್ತಲಿನ ಏಳು ಜೀಪುಗಳ ವಿಷಯ. ನಾಲ್ಕರ ಮಾಲೀಕರು ಗೊತ್ತು, ಅವರಿಗೆ ಫೋನ್ ಮಾಡಿದ್ದೇವೆ. ಉಳಿದ ಮೂರನ್ನು ಬಿಟ್ಟುಹೋದವರ ವಿಳಾಸ ಬದಲಾಗಿದೆ. ಒಂದು ಹಸಿರು ಕಮಾಂಡರ್, ಇನ್ನೆರಡು ಬಿಳಿ ಬಣ್ಣದವು. ನಿಮ್ಮದಾಗಿದ್ದರೆ, ಇಲ್ಲವೇ ಯಾರದೆಂದು ಗೊತ್ತಿದ್ದರೆ, ಆರ್‌ಸಿ ಹಿಡಿದುಕೊಂಡು ಯುಗಾದಿಯೊಳಗೆ ಬರಲು ಹೇಳಿ. ಏಳೂ ಗಾಡಿಯ ಎಣ್ಣೆ, ಬ್ಯಾಟರಿ ತೆಗೆದಾಯಿತು. ಡ್ಯಾಶ್‌ಬೋರ್ಡಿನ ಮೇಲಿದ್ದ ಮೂಕಾಂಬಿಕೆಯ ಪಟಗಳನ್ನು ಒರೆಸಿ, ಗಾಡಿ ನಂಬರು ಬರೆದು, ಕಚೇರಿಯ ಕಪಾಟಿನಲ್ಲಿ ಇಟ್ಟಿದ್ದೇವೆ. ಬಂದಾಗ ಕೇಳಿ ಪಡೆಯಿರಿ.

ನಿಮ್ಮ,
ಗ್ಯಾರೇಜಿನ ಬಳಗ