ನಕ್ಷತ್ರ ಸ್ಫೋಟದ ಫೋಟೋ ಹಾಕುವಾಗ ಬಣ್ಣ ಯಾವುದಕ್ಕೆ ಅಂತಾನೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಕ್ಯಾಸಿಯೋಪಿಯಾ-ಎ ಅನ್ನೋ ಸೂಪರ್‌ನೋವಾ ಅವಶೇಷದ, ಅಂದ್ರೆ ಸಿಡಿದ ನಕ್ಷತ್ರದ ಉಳಿಕೆಯ, ದೊಡ್ಡ ಕಲರ್ ಫೋಟೋ ಬಂದಿತ್ತು, ಕೆಳಗೆ "ದೂರದರ್ಶಕಕ್ಕೆ ಕಂಡ ಬಣ್ಣದ ಓಕುಳಿ" ಅಂತ ಒಂದೇ ಸಾಲು. ನಾನು ಚಳ್ಳಕೆರೆ ತಾಲ್ಲೂಕಿನ ಹಳ್ಳಿ ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡೋಳು, ಅದನ್ನ ಕತ್ತರಿಸಿ ಒಂಬತ್ತನೇ ಕ್ಲಾಸಿನ ಗೋಡೆಗೆ ಅಂಟಿಸಿದೆ. ಒಬ್ಳು ಹುಡುಗಿ ಹತ್ರ ಹೋಗಿ ನೋಡ್ಕೊಂಡು ಬಂದು "ಮಿಸ್, ಜೋಗಿಮಟ್ಟಿ ಮೇಲೆ ದೊಡ್ಡ ಟೆಲಿಸ್ಕೋಪ್ ಇಟ್ಟು ನೋಡಿದ್ರೆ ನಮಗೂ ಹಿಂಗೇ ಕಾಣ್ತೈತಾ?" ಅಂದ್ಲು. ಕಾಣಲ್ಲಮ್ಮ ಅಂದೆ. "ಮತ್ತೆ ಪೇಪರ್‌ನಾಗೆ ಕಂಡ ಬಣ್ಣ ಅಂತ ಹಾಕವ್ರಲ್ಲ ಮಿಸ್." ಅದಕ್ಕೇ ಈ ಪತ್ರ ಬರೀತಿರೋದು.

ಆ ಫೋಟೋದಲ್ಲಿರೋದು ಎಕ್ಸ್‌ರೇ. ತೆಗೆದಿದ್ದು ಚಂದ್ರ ಅನ್ನೋ ಉಪಗ್ರಹ ದೂರದರ್ಶಕ, ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರೇ ಅದಕ್ಕಿಟ್ಟಿರೋದು. ಕೆಂಪಗಿರೋದು ಸಿಲಿಕಾನ್, ಹಳದಿ ಗಂಧಕ, ಹಸಿರು ಕ್ಯಾಲ್ಸಿಯಂ, ನೇರಳೆ ಕಬ್ಬಿಣ, ಸುತ್ತ ಎಳೆದಂಗಿರೋ ನೀಲಿ ಅಂಚು ಸ್ಫೋಟದ ಅಲೆ. ಜಿಲ್ಲೆ ಮ್ಯಾಪಲ್ಲಿ ಹಿರಿಯೂರಿಗೆ ಹಳದಿ, ಹೊಸದುರ್ಗಕ್ಕೆ ಹಸಿರು ಬಳೀತೀವಲ್ಲ, ಹಂಗೆ ಗುರುತಿಗೆ ಹಾಕಿದ ಬಣ್ಣ. ಎಕ್ಸ್‌ರೇ ಅಂದ್ರೆ ಮಕ್ಕಳಿಗೆ ಗೊತ್ತಿರೋದು ಕೈ ಮುರಿದಾಗ ಆಸ್ಪತ್ರೆಯಲ್ಲಿ ತೆಗೆಯೋದು, ಅಲ್ಲಿ ಮಷೀನು ಕಿರಣ ಬಿಡುತ್ತೆ. ಇಲ್ಲಿ ಸ್ಫೋಟದ ಅಲೆ ಗುದ್ದಿ ಕೋಟಿ ಡಿಗ್ರಿವರೆಗೂ ಕಾದ ಅನಿಲ ತಾನೇ ಎಕ್ಸ್‌ರೇ ಸೂಸುತ್ತೆ, ಒಂದೊಂದು ಧಾತುವಿಂದ ಒಂದೊಂದು ಶಕ್ತಿಯ ಕಿರಣ ಬರೋದ್ರಿಂದ ಯಾವುದು ಎಲ್ಲಿದೆ ಅಂತ ಹೇಳೋಕಾಗುತ್ತೆ. ಈ ಕಿರಣಗಳನ್ನ ನಮ್ಮ ವಾತಾವರಣ ನೆಲಕ್ಕೆ ಬಿಡಲ್ಲ, ಜೋಗಿಮಟ್ಟಿ ಅಲ್ಲ ಹಿಮಾಲಯ ಹತ್ತಿದ್ರೂ ಸಿಗಲ್ಲ, ಉಪಗ್ರಹಾನೇ ಬೇಕು.

ಅದು ನಕ್ಷತ್ರ ಸಿಡಿದ ಅವಶೇಷಾನೇ ಅಂತ ಹೇಗೆ ಗುರುತಿಸ್ತಾರೆ ಅನ್ನೋದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ, ಅದನ್ನ ನಿಮ್ಮ ಪುಟದಲ್ಲಿ ಯಾವತ್ತೂ ಓದಿಲ್ಲ. ಹೆಚ್ಚಿನವು ಮೊದಲು ಸಿಕ್ಕಿರೋದು ರೇಡಿಯೋ ದೂರದರ್ಶಕದಲ್ಲಿ. ಸ್ಫೋಟದ ಅಲೇಲಿ ವೇಗ ಪಡೆದ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸುತ್ತಿಕೊಂಡು ಹೋಗ್ತಾ ರೇಡಿಯೋ ಅಲೆ ಬಿಡ್ತವೆ, ಅದು ಬಳೆ ಥರ ಕಾಣುತ್ತೆ. ಆದ್ರೆ ಬಳೆ ಕಂಡ ಮಾತ್ರಕ್ಕೆ ನಂಬೋ ಹಾಗಿಲ್ಲ, ಹೊಸ ನಕ್ಷತ್ರಗಳ ಬಿಸಿಗೆ ಹೊಳೆಯೋ ಅನಿಲದ ಮೋಡಾನೂ ಕೆಲವು ಸಲ ಹಾಗೇ ಇರುತ್ತೆ. ಅದಕ್ಕೆ ಎರಡು ಮೂರು ಫ್ರೀಕ್ವೆನ್ಸಿಯಲ್ಲಿ ಅಳೀತಾರೆ: ಫ್ರೀಕ್ವೆನ್ಸಿ ಕಮ್ಮಿ ಆದಂಗೆ ಹೊಳಪು ಜಾಸ್ತಿ ಆಗ್ತಾ ಹೋದ್ರೆ ಅವಶೇಷ ಇರಬಹುದು, ಹೆಚ್ಚು ಬದಲಾಗದೆ ಇದ್ದು ಅವಕೆಂಪಿನಲ್ಲಿ (ಇನ್‌ಫ್ರಾರೆಡ್) ಧೂಳು ಜೋರಾಗಿ ಹೊಳೆದ್ರೆ ಅದು ಮೋಡ. ಆಮೇಲೆ ಅದೇ ಜಾಗದಲ್ಲಿ ಎಕ್ಸ್‌ರೇ ಬರುತ್ತಾ ನೋಡ್ತಾರೆ. ನಮ್ಮ ಕಡೆ ಬೋರ್ ಕೊರೆಸೋ ರೈತ ಒಬ್ಬರು ಪಾಯಿಂಟ್ ತೋರಿಸಿದ ತಕ್ಷಣ ಗಾಡಿ ತರಿಸಲ್ಲ, ಇನ್ನೊಬ್ಬರ ಕೈಲಿ ಬೇರೆ ಥರ ಚೆಕ್ ಮಾಡಿಸ್ತಾನೆ. ಕ್ಲಾಸಲ್ಲಿ ಹೀಗೆ ಹೇಳಿದಾಗ ಎಲ್ಲರಿಗೂ ಅರ್ಥ ಆಯ್ತು.

ಜಿ1.9+0.3 ಅನ್ನೋ ಇನ್ನೊಂದು ಅವಶೇಷದ ಕಥೆಯನ್ನಂತೂ ಮಕ್ಕಳು ಎರಡು ಸಲ ಹೇಳಿಸಿಕೊಂಡ್ರು. ನಮ್ಮ ಗ್ಯಾಲಕ್ಸಿಯ ನಡುಭಾಗದ ಹತ್ರ ಧೂಳಿನ ಹಿಂದೆ ಇರೋದ್ರಿಂದ ಅದು ಸಿಡಿದಿದ್ದು ಭೂಮಿ ಮೇಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1985ರಲ್ಲಿ ಅಮೆರಿಕದ ವಿಎಲ್‌ಎ ರೇಡಿಯೋ ದೂರದರ್ಶಕ ತೆಗೆದ ಚಿತ್ರದ ಪಕ್ಕ 2007ರ ಚಂದ್ರ ದೂರದರ್ಶಕದ ಚಿತ್ರ ಇಟ್ಟು ನೋಡಿದ್ರೆ ಬಳೆ ದೊಡ್ಡದಾಗಿದೆ, 2008ರಲ್ಲಿ ಮತ್ತೆ ರೇಡಿಯೋದಲ್ಲೇ ತೆಗೆದು ನೋಡಿದಾಗ್ಲೂ ಸುಮಾರು 15 ಪರ್ಸೆಂಟ್ ಹಿಗ್ಗಿದೆ. ಆ ವೇಗ ಹಿಡಿದು ಲೆಕ್ಕ ಹಾಕಿದ್ರೆ ಅದಕ್ಕೆ ಬರೀ ನೂರು ನೂರೈವತ್ತು ವರ್ಷ ವಯಸ್ಸು, ನಮ್ಮ ಮುತ್ತಜ್ಜನ ಕಾಲದ್ದು!

ಇದೆಲ್ಲ ಹೊರದೇಶದ ಸುದ್ದಿ ಅನ್ನಬೇಡಿ. ಗೌರಿಬಿದನೂರಲ್ಲಿ 1000 ಡೈಪೋಲ್ ಆಂಟೆನಾಗಳನ್ನ ಟಿ ಆಕಾರದಲ್ಲಿ ನಿಲ್ಲಿಸಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ಮ್ಯಾಪ್ ಮಾಡಿದ್ದು ನಮ್ಮೋರೇ. 2024ರ ಜನವರಿ 1ಕ್ಕೆ ಹಾರಿದ ಇಸ್ರೋದ ಎಕ್ಸ್‌ರೇ ಉಪಗ್ರಹ ಎಕ್ಸ್‌ಪೋಸ್ಯಾಟ್‌ನಲ್ಲಿರೋ ಎಕ್ಸ್‌ಸ್ಪೆಕ್ಟ್ ಉಪಕರಣ ಬೆಂಗಳೂರಲ್ಲೇ ಆಗಿದ್ದು, ಅದು ಮೊದಲು ನೋಡಿದ್ದೂ ನೀವು ಫೋಟೋ ಹಾಕಿದ ಇದೇ ಕ್ಯಾಸಿಯೋಪಿಯಾ-ಎ, ಅದಕ್ಕೂ ಸಿಲಿಕಾನ್, ಗಂಧಕ, ಕಬ್ಬಿಣದ ಗುರುತು ಸಿಕ್ಕವು. ರಾಕೆಟ್ ಹಾರಿದ ದಿನ ನೀವು ಅರ್ಧ ಪುಟ ಕೊಟ್ರಿ, ಈ ಸುದ್ದಿಗೆ ನಾಲ್ಕು ಸಾಲೂ ಇರಲಿಲ್ಲ, ನನಗೆ ನಿಜವಾಗ್ಲೂ ಬೇಜಾರಾಯ್ತು.

ದಯವಿಟ್ಟು ಇಂಥ ಫೋಟೋ ಹಾಕಿದಾಗ ಯಾವ ದೂರದರ್ಶಕ, ಯಾವ ಕಿರಣ, ಯಾವ ಬಣ್ಣ ಯಾವುದಕ್ಕೆ ಅಂತ ಎರಡು ಸಾಲು ಸೇರಿಸಿ, ಅಷ್ಟು ಜಾಗ ಸಿಗುತ್ತೆ. ಕಟಿಂಗ್ ಇನ್ನೂ ಗೋಡೆ ಮೇಲಿದೆ, "ಕಂಡ ಬಣ್ಣದ ಓಕುಳಿ" ಮೇಲೆ ಬಿಳಿ ಹಾಳೆ ಅಂಟಿಸಿ ಕೆಂಪು ಸಿಲಿಕಾನ್, ಹಳದಿ ಗಂಧಕ ಅಂತ ಆ ಹುಡುಗೀನೇ ಸ್ಕೆಚ್ ಪೆನ್ನಲ್ಲಿ ಬರೆದಿದ್ದಾಳೆ. ಮುಂದಿನ ಸಲ ನೀವೇ ಅಚ್ಚು ಹಾಕಿ ಕೊಡಿ.

ಇಂತಿ,
ನಿಮ್ಮ ಓದುಗಳು, ಹೈಸ್ಕೂಲ್ ವಿಜ್ಞಾನ ಶಿಕ್ಷಕಿ
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ