‘ಬೇಕೆಂದೇ’ ಎಂಬ ಪದದ ಬಗ್ಗೆ

ಪ್ರೀತಿಯ ತಮ್ಮನಿಗೆ,

ಆಶೀರ್ವಾದಗಳು. ಇನ್ನೊಬ್ಬರ ಬರಹವನ್ನು ಖಂಡಿಸಿ ನೀನು ಬರೆದ ಲೇಖನವನ್ನು ಎರಡು ಸಲ ಓದಿದೆ. ವಾದ ಗಟ್ಟಿಯಾಗಿದೆ, ದಾಖಲೆಗಳನ್ನು ನೋಡಿಕೊಂಡೇ ಬರೆದಿದ್ದೀಯೆ. ಆದರೆ ಮೂರನೆಯ ಪುಟದಲ್ಲಿ ‘ಅವರು ಬೇಕೆಂದೇ ಮುಚ್ಚಿಟ್ಟಿದ್ದಾರೆ’ ಎಂದಿದ್ದೀಯಲ್ಲ, ನನ್ನ ಪೆನ್ಸಿಲು ಅಲ್ಲಿ ನಿಂತಿತು. ಅವರು ಮುಚ್ಚಿಟ್ಟದ್ದನ್ನು ನೀನು ಕಂಡೆಯೋ, ಅವರ ಬರಹದಲ್ಲಿ ಆ ಸಂಗತಿ ಇಲ್ಲದ್ದನ್ನಷ್ಟೇ ಕಂಡೆಯೋ?

ಈ ಪದ ನನಗೂ ಒಮ್ಮೆ ದುಬಾರಿಯಾಗಿತ್ತು. ಮೂವತ್ತು ವರ್ಷಗಳ ಹಿಂದೆ ಹಿರಿಯರೊಬ್ಬರು ನಮ್ಮ ತಾಲ್ಲೂಕಿನ ಕೆರೆಗಳು ಮಾಯವಾದ ಬಗ್ಗೆ ಬರೆದಿದ್ದರು. ಹಿಂದೆ ಇಷ್ಟು ಕೆರೆಗಳಿದ್ದವು ಎಂದು ಅವರು ಕೊಟ್ಟ ಲೆಕ್ಕ ನನ್ನ ಬಳಿಯಿದ್ದ ಪಟ್ಟಿಗಿಂತ ಬಹಳ ಹೆಚ್ಚಿತ್ತು. ‘ಓದುಗರನ್ನು ಹೆದರಿಸಲು ಬೇಕೆಂದೇ ಸಂಖ್ಯೆ ಉಬ್ಬಿಸಿದ್ದಾರೆ’ ಎಂದು ಪತ್ರಿಕೆಗೆ ಬರೆದೆ. ಅಚ್ಚಾಯಿತು, ನಾಲ್ಕು ಜನ ಬೆನ್ನು ತಟ್ಟಿದರು. ವಾರದೊಳಗೆ ಒಂದು ಅಂಚೆ ಕಾರ್ಡು ಬಂತು. ಬೈಗುಳವಿಲ್ಲ. ಹಳೆಯ ಗ್ಯಾಸೆಟಿಯರಿನ (ಸರ್ಕಾರ ಹೊರತರುವ ಪ್ರದೇಶ ವಿವರದ ಗ್ರಂಥ) ಪುಟಸಂಖ್ಯೆ, ಅದರ ಕೆಳಗೆ ಒಂದೇ ಸಾಲು: ‘ಇದು ತಾಲ್ಲೂಕು ಒಡೆಯುವುದಕ್ಕೆ ಮೊದಲಿನ ಲೆಕ್ಕ.’ ಅದನ್ನು ಅವರು ಲೇಖನದಲ್ಲೇ ಹೇಳಬೇಕಿತ್ತು, ಹೇಳಿರಲಿಲ್ಲ. ತಪ್ಪು ಅವರದೇ. ಆದರೆ ನಾನು ಹೊರಿಸಿದ್ದು ಆ ತಪ್ಪನ್ನಲ್ಲ. ತಿದ್ದುಪಡಿ ಕಳಿಸಿದೆ, ಅದು ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಅಚ್ಚಾಯಿತು. ಕಾರ್ಡು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಖಂಡಿಸುವ ಮೊದಲು ಕೇಳುವುದು ಹೇಗೆ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. 1934ರ ಜನವರಿ 15ರಂದು ಬಿಹಾರದಲ್ಲಿ ಭಾರೀ ಭೂಕಂಪವಾಗಿ ಸಾವಿರಾರು ಜನ ಸತ್ತರು. ಆಗ ದಕ್ಷಿಣ ಭಾರತದಲ್ಲಿ ಅಸ್ಪೃಶ್ಯತೆಯ ವಿರುದ್ಧದ ಹರಿಜನ ಯಾತ್ರೆಯಲ್ಲಿದ್ದ ಗಾಂಧೀಜಿ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂಬರ್ಥದ ಮಾತಾಡಿದರು. ಪತ್ರಿಕೆಯಲ್ಲಿ ಅದನ್ನು ಓದಿದ ಟ್ಯಾಗೋರರು ಕಟುವಾದ ಖಂಡನೆಯನ್ನೇ ಬರೆದರು. ಬರೆದು ಯಾರಿಗೆ ಕಳಿಸಿದರು ಗೊತ್ತೇ? ಗಾಂಧೀಜಿಗೇ. ನೀವು ಹೀಗೆ ಹೇಳಿದ್ದೀರಿ ಎಂದು ನಂಬಲು ಕಷ್ಟವಾಗುತ್ತಿದೆ; ವರದಿ ನಿಜವಾಗಿದ್ದರೆ ಇದನ್ನು ನೀವೇ ಪತ್ರಿಕೆಗಳಿಗೆ ಕೊಡಿ; ನಡೆಯದ ಸಂಗತಿಯನ್ನು ಹಿಡಿದು ನಿಮ್ಮನ್ನು ಟೀಕಿಸುವವನು ನಾನಲ್ಲ ಎನ್ನುವುದು ಜೊತೆಗಿದ್ದ ಪತ್ರದ ಸಾರ.

ವರದಿ ನಿಜವೇ ಆಗಿತ್ತು. ಗಾಂಧೀಜಿ ಆ ಖಂಡನೆಯನ್ನು ಫೆಬ್ರವರಿಯಲ್ಲಿ ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ, ತಮ್ಮ ಉತ್ತರವನ್ನೂ ಬರೆದರು. ಒಂದಿಂಚೂ ಹಿಂದೆ ಸರಿಯಲಿಲ್ಲ. ಟ್ಯಾಗೋರರ ಮಾತೂ ಮೃದುವಾಗಿರಲಿಲ್ಲ. ಭೌತಿಕ ವಿಪತ್ತಿಗೆ ಭೌತಿಕ ಕಾರಣವೇ ಇರುತ್ತದೆ ಎಂದರು. ಇದೇ ತರ್ಕವನ್ನು ನಿಮ್ಮ ವಿರೋಧಿಗಳು ನಿಮ್ಮ ಮೇಲೆಯೇ ತಿರುಗಿಸಬಹುದಲ್ಲ ಎಂದು ಚುಚ್ಚಿದರು. ನನ್ನ ಮಟ್ಟಿಗೆ ಈ ವಾದದಲ್ಲಿ ಗೆದ್ದವರು ಟ್ಯಾಗೋರರೇ. ಮೊದಲು ಕೇಳಿ ಆಮೇಲೆ ಹೊಡೆದದ್ದರಿಂದ ಏಟಿನ ಬಲವೇನೂ ತಗ್ಗಲಿಲ್ಲ.

ಇನ್ನು ನಿನ್ನ ಲೇಖನದ ಎರಡನೆಯ ಪುಟ. ಅವರು ‘ಊರಿಗೆ ಊರೇ ವಿರೋಧಿಸಿತು’ ಎಂದು ಬರೆದರೆ, ಸುಮ್ಮನಿದ್ದ ಎರಡು ಮನೆಗಳನ್ನು ಹುಡುಕಿ ತಂದು ‘ಇದು ಸುಳ್ಳು’ ಎಂದಿದ್ದೀಯೆ. ಆಡಿದವನ ಮಾತಿಗೆ ಅವನು ಉದ್ದೇಶಿಸದ ಅರ್ಥ ಹಚ್ಚಿ ಅಲ್ಲಗಳೆಯುವ ಇದಕ್ಕೆ ನ್ಯಾಯಶಾಸ್ತ್ರದವರು, ಅಂದರೆ ನಮ್ಮ ಪ್ರಾಚೀನ ತರ್ಕಶಾಸ್ತ್ರದವರು, ಛಲ ಎಂದು ಹೆಸರಿಟ್ಟಿದ್ದರು. (ಕನ್ನಡದಲ್ಲಿ ಛಲ ಹೊಗಳಿಕೆಯಾಗಿಬಿಟ್ಟಿದೆ, ಅಲ್ಲಿ ಅದು ಮೋಸ.) ನ್ಯಾಯಸೂತ್ರಗಳಿಗೆ ವಾತ್ಸ್ಯಾಯನ ಬರೆದ ಭಾಷ್ಯದಲ್ಲಿ ಉದಾಹರಣೆಯಿದೆ. ಒಬ್ಬ ‘ಇವನದು ನವಕಂಬಲ’, ಅಂದರೆ ಹೊಸ ಕಂಬಳಿ, ಎನ್ನುತ್ತಾನೆ. ‘ನವ’ ಎಂದರೆ ಒಂಬತ್ತೂ ಹೌದಲ್ಲವೇ? ಎದುರಿನವನು ‘ಒಂಬತ್ತೆಲ್ಲಿ, ಇರುವುದು ಒಂದೇ’ ಎಂದು ಎಗರಿಬೀಳುತ್ತಾನೆ. ಹೊಸದು ಎಂಬ ಅರ್ಥ ಅವನಿಗೂ ಗೊತ್ತು. ನಿನಗೂ ಗೊತ್ತಿತ್ತು.

ಹಾಗೆಂದು ಸುಳ್ಳುಗಾರರೇ ಇಲ್ಲವೆನ್ನುವಷ್ಟು ಸಾಧು ನಾನಲ್ಲ. ತಪ್ಪನ್ನು ದಾಖಲೆ ಸಹಿತ ತೋರಿಸಿದ ಮೇಲೂ, ನೋಡಿದೆನೆಂದು ಒಪ್ಪಿಕೊಂಡ ಮೇಲೂ, ಮುಂದಿನ ತಿಂಗಳು ಅದೇ ಅಂಕಿಯನ್ನು ಇನ್ನೊಂದು ವೇದಿಕೆಯಲ್ಲಿ ಹೇಳುವವರನ್ನು ಕಂಡಿದ್ದೇನೆ. ಅಂಥವರನ್ನು ಸುಳ್ಳುಗಾರರೆಂದೇ ಕರೆ, ತಾರೀಖು ಹಾಕಿ ಕರೆ. ನಿನ್ನ ಲೇಖನದಲ್ಲಿ ಅಂಥ ತಾರೀಖು ಒಂದೂ ಇಲ್ಲ.

‘ಬೇಕೆಂದೇ’ ಎನ್ನುವುದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ, ಉಜ್ಜಿದರೆ ಹೋಗುತ್ತದೆ. ಅವರಿಗೊಂದು ಕಾಗದ ಬರೆದು, ಆ ಸಂಗತಿಯನ್ನು ಏಕೆ ಬಿಟ್ಟಿರಿ ಎಂದು ಕೇಳು. ಹದಿನೈದು ದಿನ ಕಾಯಿ. ಉತ್ತರ ಬರಲಿ, ಬಾರದಿರಲಿ, ಮೂರನೆಯ ಪುಟವನ್ನು ಆಮೇಲೆ ಮತ್ತೆ ಕಳಿಸು.

ನಿನ್ನ,
ಅಣ್ಣ