ಓರ್ಸೆಯಲ್ಲಿ ಅಪ್ಪನಿಗೆ ಜಾಗ ಬಿಟ್ಟುಕೊಟ್ಟ ಹಿರಿಯರಿಗೆ

ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿ ನನ್ನ ಅಪ್ಪನಿಗಾಗಿ ಬೆಂಚು ಬಿಟ್ಟು ಎದ್ದ ಹಿರಿಯರೇ, ಈ ಮಾತು ನಿಮಗೆ. ನಿಮ್ಮ ಹೆಸರು ಕೇಳುವುದನ್ನೇ ಮರೆತೆ.

ಮೊದಲು ರೈಲು ನಿಲ್ದಾಣವಾಗಿದ್ದ ಕಟ್ಟಡ ಅದು. ನಡೆದಷ್ಟೂ ಮುಗಿಯುವುದಿಲ್ಲ. ಮೊನೆ, ದೆಗಾ ಎಂಬ ಚಿತ್ರಕಾರರ ಚಿತ್ರಗಳನ್ನು ನೋಡುವಷ್ಟರಲ್ಲಿ ಅಪ್ಪನ ಮಂಡಿ ಸೋತಿತ್ತು. ನೀವೇ ತೋಳು ಹಿಡಿದು ಕೂರಿಸಿದಿರಿ. ಎದುರಿಗೆ ಗುಸ್ತಾವ್ ಕಾಯ್‌ಬೊತ್ 1875ರಲ್ಲಿ ಬರೆದ ಚಿತ್ರ. ಮೂವರು ಕೆಲಸಗಾರರು ಬರಿಮೈಯಲ್ಲಿ ಮಂಡಿಯೂರಿ ಮರದ ನೆಲ ಹೆರೆಯುತ್ತಿದ್ದಾರೆ. ಹಿಂದಿನ ಕಿಟಕಿಯ ಬೆಳಕು ಹಲಗೆಗಳ ಮೇಲೆ ಹೊಳೆಯುತ್ತಿದೆ.

ಅಪ್ಪ ನಲವತ್ತು ವರ್ಷ ಮರಗೆಲಸ ಮಾಡಿದವರು. ಸುರುಳಿ ಸುರುಳಿಯಾಗಿ ಬಿದ್ದ ಮರದ ಸಿಪ್ಪೆ ನೋಡಿ ಎದ್ದೇ ಬಿಟ್ಟರು. "ನೋಡು, ಎರಡೂ ಕೈಯ ಭಾರ ಹಾಕಿದ್ದಾನೆ" ಎಂದು ಗಾಳಿಯಲ್ಲೇ ಹೆರೆದು ತೋರಿಸಿದರು. ನಿಮಗೆ ಕನ್ನಡ ಬರುವುದಿಲ್ಲ, ಆದರೆ ಅವರ ಕೈ ಅರ್ಥವಾಯಿತು, ಅಲ್ವಾ? ಇಂಥ ದುಡಿಯುವವರ ಚಿತ್ರ ಒರಟು ಎಂದು ಸಲೋನ್ ಎಂಬ ಅಧಿಕೃತ ಕಲಾಪ್ರದರ್ಶನದ ತೀರ್ಪುಗಾರರು ತಿರಸ್ಕರಿಸಿದ್ದರು, 1876ರಲ್ಲಿ ಇಂಪ್ರೆಶನಿಸ್ಟರೆಂಬ ಹೊಸ ಬಗೆಯ ಚಿತ್ರಕಾರರ ಪ್ರದರ್ಶನದಲ್ಲಿ ಇದಕ್ಕೆ ಜಾಗ ಸಿಕ್ಕಿತು ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದಿರಿ. ಅದನ್ನು ಅಪ್ಪನಿಗೆ ಹೇಳಿದಾಗ ಅವರ ಮುಖ ಬಾಡಿತು. ಆಗ ನೀವು ಬಲಗಡೆಯ ವೈನ್ ಬಾಟಲಿ ತೋರಿಸಿದಿರಿ. "ನಮಗೆ ಟೀ ಇದ್ದ ಹಾಗೆ" ಎಂದು ಅಪ್ಪ ನಕ್ಕರು.

ನಾನು ಎಷ್ಟೋ ಪುಸ್ತಕ ಓದಿ ಹೋಗಿದ್ದೆ. ಅಪ್ಪ ಏನನ್ನೂ ಓದಿರಲಿಲ್ಲ. ಆದರೂ ನೀವು ಪ್ರಶ್ನೆ ಕೇಳಿದ್ದು ಅವರನ್ನೇ. ಹೊರಡುವಾಗ ಅವರ ಒರಟು ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದಿರಿ. ತುಂಬಾ ಧನ್ಯವಾದ, ಸರ್.